ರೂಟರಿನ ಪಾಸ್‌ವರ್ಡು

ಶಿಕಾರಿಪುರದಲ್ಲಿ ಸೊರಬದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಅವಳು ಮೊಬೈಲಿನಿಂದ ತಲೆ ಎತ್ತದೆ ಕೇಳಿದಳು.

“ರೀ, ರೂಟರ್ ಸೆಟ್ಟಿಂಗು ನೀವು ಮುಟ್ಟಿದ್ರಾ?”

“ಇಲ್ವಲ್ಲ, ಯಾಕೆ?”

“ಸಂಜೆ ನಮ್ ಆನ್‌ಲೈನ್ ಗೇಮಿಂದು ಸೆಮಿಫೈನಲ್ ಐತೆ. ಮನೇಲಿ ಗೇಮೇನೋ ನಡೀತೈತೆ, ನನ್ ಮಾತು ಮಾತ್ರ ಟೀಮ್‌ನೋರಿಗೆ ಕೇಳ್ತಿಲ್ಲ. ಪರದೆ ಮ್ಯಾಲೆ ‘ನ್ಯಾಟ್ ಸ್ಟ್ರಿಕ್ಟ್’ ಅಂತ ಬರ್ತೈತೆ.”

“ಲೈನೇ ಸರಿ ಇಲ್ಲೇನೋ, ಶರಣ್ಯ.”

“ಲೈನ್ ಹಾಕಿದೋರ್ನ ಕೇಳ್ದೆ. ಮಾತು ಹೊರಗೆ ಹೋಗೋ ದಾರಿ, ಯುಪಿಎನ್‌ಪಿ ಅಂತೆ, ಅದನ್ನ ಯಾರೋ ರೂಟರ್‌ನಾಗೆ ಆಫ್ ಮಾಡ್ಯಾರೆ, ಆನ್ ಮಾಡಿ ಅಂದ್ರು. ಮಾಡಾಣ ಅಂದ್ರೆ ಸೆಟ್ಟಿಂಗಿನ ಪಾಸ್‌ವರ್ಡೂ ಬದ್ಲಾಗೈತೆ. ಮನೆದೇವ್ರ ಹೆಸ್ರಿತ್ತು. ಅದನ್ನ ತೆಗೆಯೋ ಧೈರ್ಯ ನಿಮ್ಮನೇಲಿ ಯಾರಿಗೈತ್ರೀ?”

ಅವನು ಸುತ್ತ ನೋಡಿದ. ನಾನು ಪೇಪರಿನ ಪುಟ ತಿರುವಿದೆ.

“ಮೆಲ್ಲಗೆ ಮಾತಾಡೇ. ಅಪ್ಪಾಜಿ ಹೇಳಿದ್ರು, ನಾನೇ ಮಾಡ್ದೆ. ನೀನು ಆಡ್ತಾ ‘ಹೊಡಿ, ಹೊಡಿ’ ಅಂತ ಕೂಗೋದು ಬೀದಿಗೆಲ್ಲ ಕೇಳ್ತದಂತೆ.”

“ನನಗೇ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಸುಮ್ನಾಗ್ತಿದ್ಯಾ?”

“ಅದಕ್ಕೆ ಬಾಯಿ ಕಟ್ಟಿದ್ರಿ. ನಾನು ಮೈಕು ಹಾಳಾಗೈತೆ ಅಂತ ದಿನಾ ಒರೆಸ್ತಾ ಕೂತಿದ್ನಲ್ರೀ!”

ಬಸ್ಸು ಬಂತು. ಇಬ್ಬರೂ ಎದ್ದರು.

“ಈಗಿನ ಪಾಸ್‌ವರ್ಡ್ ಏನು?”

“ಮನೇಲಿ ಹೇಳ್ತೀನಿ.”

“ಇಲ್ಲೇ ಹೇಳಿ.”

“ನಿನ್ ಹೆಸ್ರೇ.”

ಅವಳು ಅವನ ಮುಖವನ್ನೇ ನೋಡಿದಳು.

“ನಿಮ್ಮನೇರ ಎಲ್ಲರ ಹೆಸ್ರೂ ಹಾಕಿ ನೋಡಿದ್ದೆ. ಎತ್ತಿನ ಹೆಸ್ರನ್ನೂ ಬಿಡಲಿಲ್ಲ. ನಂದು ಮಾತ್ರ ಹೊಳೀಲೇ ಇಲ್ಲ.”

ಅವನು ನುಗ್ಗಿ ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಕರವಸ್ತ್ರ ಹಾಕಿ ಅವಳಿಗಾಗಿ ಹಿಡಿದ. ಅವಳು ಹತ್ತಿ, ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು.

ಕರವಸ್ತ್ರ ಹಾಕಿದ ಸೀಟಿನಲ್ಲಿ ಸೊರಬದವರೆಗೆ ನಾನು ಕೂತು ಹೋದೆ.