ಟ್ರಾಮಿನಲ್ಲಿ ಮರಳಿ ಸಿಕ್ಕ ಕಾಡು

ಫಿನ್ಲೆಂಡಿನ ತಾಂಪೆರೆ ಊರಿನ ಟ್ರಾಮಿನಲ್ಲಿ ನನ್ನೆದುರು ಓರ್ವೊಕ್ಕಿ ಎಂಬ ಹೆಂಗಸು ಲ್ಯಾಪ್‌ಟಾಪನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಗೆಳೆಯ ಇಲ್ಪೊ ಅದಕ್ಕೊಂದು ಪೆನ್‌ಡ್ರೈವ್ ಸಿಕ್ಕಿಸಿ, ಅದರ ಬಲದಿಂದ ಚಾಲೂ ಮಾಡಿಕೊಂಡು ಏನೋ ಟೈಪ್ ಮಾಡುತ್ತಿದ್ದ.

“ಬೆಳಿಗ್ಗೆಯಿಂದ ಬರೀ ಕಪ್ಪು ಪರದೆ, ಇಲ್ಪೊ. ಹನ್ನೆರಡಕ್ಕೆ ನಕ್ಷೆ ಪ್ರೆಸ್ಸಿಗೆ ಕೊಡಬೇಕು. ಶನಿವಾರ ನಕ್ಷೆ ಹಿಡಿದು ಓಡೋ ಕಾಡಿನ ಓಟಕ್ಕೆ ಇನ್ನೂರು ಜನ ಬರ್ತಾರೆ. ನನ್ನ ನಕ್ಷೆ ಇಲ್ದೆ ದಾರಿ ಹೇಗೆ ಹುಡುಕ್ತಾರೆ?”

“ಅಳಬೇಡ. ನಿಜ ಹೇಳು, ಏನು ಮುಟ್ಟಿದೆ?”

“ಕಂಪ್ಯೂಟರ್ ನಡೆಸುತ್ತಲ್ಲ ಲಿನಕ್ಸು, ಅದು ಶುರುವಾಗೋ ಫೈಲು. ಅದರಲ್ಲಿ ಡಿಸ್ಕಿನ ಹೆಸರು ಗೇಣುದ್ದ ಇತ್ತು, ನೋಡೋಕೆ ಚೆಂದ ಇರ್ಲಿಲ್ಲ. ಚಿಕ್ಕದು ಮಾಡಿದೆ.”

“ಚೆಂದ ಇರ್ಲಿಲ್ವಂತೆ! ಮಾರಾಯ್ತಿ, ಇಲ್ಲದ ಡಿಸ್ಕನ್ನ ಹುಡುಕು ಅಂತ ಬರೆದಿದ್ದೀಯ. ಅದು ಪಾಪ, ಹುಡುಕ್ತಾನೇ ಕೂತಿದೆ.”

“ಹಾಗಾದ್ರೆ ನಕ್ಷೆ?”

“ಡಿಸ್ಕಿಗೆ ಏನೂ ಆಗಿಲ್ಲ. ಹಳೇ ಹೆಸರು ವಾಪಸ್ ಬರೆದಿದ್ದೀನಿ. ಪೆನ್‌ಡ್ರೈವ್ ತೆಗೆದು ಮತ್ತೆ ಶುರು ಮಾಡು.”

ಅವಳು ಪೆನ್‌ಡ್ರೈವ್ ಕಿತ್ತು ಗುಂಡಿ ಒತ್ತಿದಳು. ಇಲ್ಪೊ ಪರದೆಯತ್ತ ಬಾಗಿದ. ನಾನೂ. ಶಾಪ ಕಳೆದ ಅರಮನೆಯ ಕಿಟಕಿಗಳಂತೆ ಅವಳ ಕನ್ನಡಕದ ಗಾಜುಗಳೆರಡೂ ಬೆಳಗಿದವು.

“ಬಂತು! ಜೌಗು, ಬಂಡೆ, ತೊರೆ... ಮೂರು ತಿಂಗಳು ಸೊಳ್ಳೆ ಕೈಲಿ ಕಚ್ಚಿಸ್ಕೊಂಡು ಅಳೆದದ್ದೆಲ್ಲ ಇದೆ ಕಣೋ!”

“ಊರಿಗೆಲ್ಲ ದಾರಿ ಬರೆಯೋಳು, ಕಂಪ್ಯೂಟರಿಗೆ ಮಾತ್ರ ದಾರಿ ತಪ್ಪಿಸಿದೆ.”

“ಬೈಯಿ, ಎಷ್ಟು ಬೇಕಾದ್ರೂ ಬೈಯಿ. ಇವತ್ತು ಕಾಫಿ, ದಾಲ್ಚಿನ್ನಿ ಬನ್ನು ನಂದು.”

“ಎರಡು ಬನ್ನು. ಏಳು, ಪ್ರೆಸ್ಸಿನ ಸ್ಟಾಪ್ ಬಂತು. ಮುಚ್ಚು ಅದನ್ನ.”

“ಅವರ ಕೈಗೆ ನಕ್ಷೆ ಸೇರೋವರೆಗೂ ಮುಚ್ಚಲ್ಲ.”

ತೆರೆದ ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಅವಳು ಇಳಿದಳು. ಇಲ್ಪೊ ಮುಂದೆ ಮುಂದೆ ನಡೆದು, ಜನರನ್ನು ಸರಿಸಿ ದಾರಿ ಮಾಡಿಕೊಡುತ್ತಿದ್ದ.