ನದಿತೀರದ ಗಣ್ಯರು

ವೇದಿಕೆಯ ಮೇಲಿರುವ ನಗರಸಭೆಯ ಅಧ್ಯಕ್ಷರೇ, ಈ ಚಿತ್ರಪ್ರದರ್ಶನ ಏರ್ಪಡಿಸಿದ ಗೆಳೆಯರೇ, ಕುರ್ಚಿ ಸಾಲದೆ ನಿಂತೇ ಇರುವ ನನ್ನ ನೆಂಟರೇ, ಸಭಿಕರೇ,

ಫೋಟೋ ತೆಗೆಯುವವನನ್ನು ಹಿಡಿದು ಬೆಳಕಿನಲ್ಲಿ ಕೂರಿಸಿದರೆ ಅವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಊರಿಗೆಲ್ಲ "ಕೈ ಸಡಿಲ ಬಿಡಿ" ಎಂದವನ ಪಾಡು ನೋಡಿ.

ನಾನು ಯಾವ ಶಾಲೆಯಲ್ಲೂ ಇದನ್ನು ಕಲಿತವನಲ್ಲ. ಸೇತುವೆ ಪಕ್ಕದ ಸ್ಟುಡಿಯೋದಲ್ಲಿ ನೆಲ ಗುಡಿಸುತ್ತಾ ಕ್ಯಾಮೆರಾ ಹಿಡಿದವನು. ಗಿರಾಕಿಯಿಲ್ಲದ ಮಧ್ಯಾಹ್ನ ನದಿಗೆ ಹೋಗುತ್ತಿದ್ದೆ. ಮರದ ಸೇತುವೆ ಹೋಗಿ ಕಾಂಕ್ರೀಟಿನದು ಬಂದದ್ದು, ದೋಣಿ ಕಟ್ಟುವ ಶೆಡ್ಡುಗಳಿದ್ದಲ್ಲಿ ಬ್ಯಾಂಕು ಎದ್ದದ್ದು, ಎಲ್ಲವೂ ಹೊರಗೆ ತೂಗುಹಾಕಿದ ಚಿತ್ರಗಳಲ್ಲಿದೆ. ನದಿ ಮಾತ್ರ ಯಾರಿಗೂ ಸೊಪ್ಪು ಹಾಕದೆ ಹರಿಯುತ್ತಿದೆ.

ಬಾಗಿಲ ಬಳಿಯ ದೊಡ್ಡ ಚಿತ್ರದ ಕೆಳಗೆ 'ನದಿತೀರದಲ್ಲಿ ನಗರದ ಗಣ್ಯರು' ಎಂದು ಬರೆದಿದ್ದೀರಿ. ಕರಿ ಕೋಟು, ಗರಿಗರಿ ಕಾಲರು ಕಂಡರೆ ಯಾರು ತಾನೇ ಹಾಗೆ ಅಂದುಕೊಳ್ಳುವುದಿಲ್ಲ? ಅವರು ಬಟ್ಟೆ ಒಗೆಯುವವರು. ನಾನು ಕ್ಯಾಮೆರಾ ತಂದೆನೆಂದರೆ ಸಾಕು, ಇಸ್ತ್ರಿಯಾದ ಗಂಟು ಬಿಚ್ಚಿ, ಗಿರಾಕಿಗಳ ಬಟ್ಟೆ ತೊಟ್ಟು ನಿಲ್ಲುತ್ತಿದ್ದರು. ಆಮೇಲೆ ಮತ್ತೆ ಇಸ್ತ್ರಿ. ನಡುವೆ ನಿಂತವರು ಮುಂದೆ ನನಗೆ ಹೆಣ್ಣು ಕೊಟ್ಟ ಮಾವ, ಕೋಟು ನ್ಯಾಯಾಧೀಶರದ್ದು. ಪಕ್ಕದಲ್ಲಿ ರೇಷ್ಮೆ ಉಟ್ಟ ಹುಡುಗಿ "ಬೇಗ ತೆಗೀರಿ, ಸಂಜೆ ಇದನ್ನ ಮದುವೆಮನೆಗೆ ತಲುಪಿಸಬೇಕು" ಅಂದಳು. ಫೋಕಸ್ ಸರಿಯಿಲ್ಲ ಅಂದೆ. ಸರಿಯಾಗಿಯೇ ಇತ್ತು. ಅವಳೇ ಈಗ ಮೊದಲ ಸಾಲಿನಲ್ಲಿ ಕೂತು, ಮನೆಗೆ ಬನ್ನಿ ಎಂಬಂತೆ ನನ್ನನ್ನು ಗುರಾಯಿಸುತ್ತಿದ್ದಾಳೆ.

ಇಷ್ಟು ವರ್ಷ ಬಾಯಿ ಬಿಡದವನು ಇಂದೇಕೆ ಹೇಳುತ್ತಿದ್ದೇನೆ? ನನ್ನ ಈ ನೆಂಟರು ಬಟ್ಟೆ ಒಣಹಾಕುವ ಬಯಲಿನಲ್ಲಿ ನಗರಸಭೆ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದಿದೆ. ಹಿಂದಿನಿಂದಲೂ ಅಲ್ಲಿದ್ದವರು ನೀವೇ ಎಂಬುದಕ್ಕೆ ಆಧಾರವೇನು ಎಂದು ಕಚೇರಿಯವರು ಕೇಳಿದರು. ಆಧಾರವೆಂದರೆ ನನ್ನ ಚಿತ್ರಗಳು. ಅವುಗಳಲ್ಲಿ ಎಲ್ಲರೂ ಗಣ್ಯರೇ! ನಿಜ ಹೇಳಿದರೆ ಗಿರಾಕಿಗಳು ಮುನಿದಾರು. ಬೆಳಿಗ್ಗೆ ಭಾವಮೈದನೇ ಅಂದ: "ಹೇಳಿಬಿಡಿ ಭಾವ. ಗಿರಾಕಿ ಇನ್ನೊಬ್ಬ ಸಿಕ್ತಾನೆ, ಬಯಲು ಸಿಗಲ್ಲ."

ಸಭೆಗೆ ಮುಂಚೆ ಅಧ್ಯಕ್ಷರನ್ನು ಚಿತ್ರದ ಮುಂದೆ ನಿಲ್ಲಿಸಿ ಎಲ್ಲ ಹೇಳಿದೆ. ಬಹಳ ಹೊತ್ತು ನೋಡಿದರು. ಒಂದೊಂದು ಮುಖವನ್ನೂ ಯಾರೆಂದು ಕೇಳಿದರು. ಕೊನೆಗೆ ನನ್ನ ಕಿವಿಯ ಬಳಿ ಬಂದು, "ಆಯ್ತು ಯಜಮಾನರೇ, ಬಯಲು ಅವರಿಗೇ ಇರಲಿ. ಸದ್ಯಕ್ಕೆ ಈ ಮಾತು ನಮ್ಮಿಬ್ಬರಲ್ಲೇ ಇರಲಿ" ಅಂದರು.

ಅಧ್ಯಕ್ಷರೇ, ವಯಸ್ಸಾದವನ ಕೈಗೆ ಮೈಕು ಕೊಟ್ಟವರು ನೀವು. ಈಗ ಸಭಾಂಗಣದ ತುಂಬ ಜನ ಕೇಳಿಸಿಕೊಂಡಾಯಿತು. ನೀವು ಕೊಟ್ಟ ಮಾತಿಗೂ, ಅದಕ್ಕೆ ಸಾಕ್ಷಿಯಾಗಿ ಕೂತ ಇವರೆಲ್ಲರಿಗೂ ನನ್ನ ತುಂಬುಹೃದಯದ ಕೃತಜ್ಞತೆ, ನಮಸ್ಕಾರ.