ಕರಿ ಕನ್ನಡಕ ಯಾರಿಗೆ

ಕನಕಪುರದ ಕನ್ನಡಕದಂಗಡಿಯಲ್ಲಿ ಸರದಿಗೆ ಕಾದಿದ್ದ ಯಶೋಧಾ, ಕೇಳಬಾರದೆಂದುಕೊಂಡೇ ಮುಂದಿದ್ದ ಗಂಡ ಹೆಂಡಿರ ಮಾತಿಗೆ ಕಿವಿಗೊಟ್ಟಳು. ಹೆಂಡತಿಯ ಎಡಗಣ್ಣಿಗೆ ಪಟ್ಟಿಯಿತ್ತು.

“ಬಂದೂಕ ಹೊಡೆವಾಗ ಹಾಕ್ಕೊಳ್ಳೋ ಗಟ್ಟಿ ಕನ್ನಡಕ ಐತಾ? ದಿನಾ ಹಾಕ್ಕೊಳ್ಳೋ ಹಂಗಿರ್ಬೇಕು,” ಎಂದ ಗಂಡ.

ಅಂಗಡಿಯವನು ಒಂದನ್ನು ತೆಗೆದಿಟ್ಟ. “ಇದು ಒಡೆಯಲ್ಲ ಯಜಮಾನ್ರೇ, ಚೂರು ಸಿಡಿದ್ರೂ ತಡೀತದೆ. ಹೊಲಕ್ಕೆ ಹಂದಿ ನುಗ್ದಂಗೆ ಕಾಯಕಾ?”

“ಊಂ. ಇದ್ರಲ್ಲೇ ಕರ್ರಗಿರೋದು ಕೊಡಿ.”

“ಕರ್ರಗಿದ್ರೆ ಗುರಿ ಕಾಣಾಕಿಲ್ಲ.”

“ಗುರಿ ಕಾಣೋದ್ ಬ್ಯಾಡ. ಒಳಗಿರೋ ಕಣ್ಣು ಜನಕ್ಕೆ ಕಾಣ್ದಿದ್ರೆ ಸಾಕು. ಇವಳಿಗೆ.”

ಅಂಗಡಿಯವನು ಆಕೆಯತ್ತ ತಿರುಗಿದ. “ಏನಾಯ್ತಮ್ಮ ಕಣ್ಗೆ?”

“ಜ್ವಾಳದ ಗರಿ ತಾಗ್ಬುಡ್ತು.” ಹೇಳಿ ಹೇಳಿ ಬಾಯಿಪಾಠವಾದ ಮಾತು.

ಗಂಡನ ತಲೆ ತಗ್ಗಿತು. “ಗರಿ ಅಲ್ಲ ಕಣಪ್ಪ. ಆಯುಧಪೂಜೆ ದಿನ ಬಂದೂಕಕ್ಕೆ ಇವಳು ಆರತಿ ಎತ್ತಿದ್ಲು. ನೆಂಟ್ರ ಮುಂದೆ ಶೋಕಿ ಮಾಡಕೆ ನಾನು ಬಂಡೆಗೆ ಹೊಡ್ದೆ. ಚೂರು ಸಿಡಿದು ಇವಳಿಗೇ ಬಿತ್ತು.”

“ಸುಮ್ಕಿರಿ, ಜನ ಅವ್ರೆ.”

ಯಶೋಧಾ ನಾಚಿ ಮುಖ ತಿರುಗಿಸಿದಳು.

“ಇರ್ಲಿ ಬುಡು. ನನ್ ಮಾನ ಮುಚ್ಚಾಕೆ ನಿನ್ ಕೈಲಿ ಸುಳ್ಳು ಹೇಳ್ಸಿದ್ದು ಸಾಕು.”

ಆಕೆ ಆ ಕರಿ ಕನ್ನಡಕವನ್ನೆತ್ತಿ ಅವನ ಮುಖಕ್ಕೇ ಹಾಕಿದಳು. “ಇದನ್ನ ಇವ್ರಿಗೇ ಬಿಲ್ ಮಾಡಿ. ಬಸ್‌ನಲ್ಲಿ ಇವ್ರು ಅಳೋದು ಜನಕ್ಕೆ ಕಾಣ್ಬಾರ್ದು.”

ಮೆಟ್ಟಿಲಿಳಿಯುವಾಗ ಗಂಡನನ್ನು ಕೈಹಿಡಿದು ನಡೆಸಿದವಳು ಆಕೆಯೇ.